ಬಿದ್ದು ಹುಟ್ಟಿದ ಹಲ್ಲಿನ ಕಲೆ, ಬೋರಿನ ನೀರು, ಮೊಬೈಲಿಗೆ ಬಂದ ಸಂಶೋಧನೆ

ಜಗಳೂರು ತಾಲ್ಲೂಕಿನ ಓದುಗರೊಬ್ಬರ ಪತ್ರ ಇದು. ಉದ್ದವಾಗಿದ್ದುದರಿಂದ ಮುಖ್ಯ ಭಾಗವನ್ನಷ್ಟೇ ಕೊಡುತ್ತಿದ್ದೇನೆ.

“ನನ್ನ ಮಗಳಿಗೆ ಒಂಬತ್ತು ವರ್ಷ. ಹಾಲುಹಲ್ಲು ಮುತ್ತಿನ ಹಾಗಿದ್ದವು. ಬಿದ್ದು ಹುಟ್ಟಿದ ಹಲ್ಲುಗಳ ಮೇಲೆ ಮೊದಲು ಸುಣ್ಣ ಬಳಿದಂತೆ ಬಿಳಿ ಗೀಟುಗಳು ಕಾಣಿಸಿದವು. ಈಗ ಮುಂದಿನ ಎರಡು ಹಲ್ಲು ಕಂದು ಬಣ್ಣಕ್ಕೆ ತಿರುಗಿವೆ. ನಾವು ಮೊದಲಿನಿಂದಲೂ ಕುಡಿಯುವುದು ಹೊಲದ ಬೋರಿನ ನೀರು. ಸಿಹಿಯಾಗಿದೆ, ಬೇಳೆ ಚೆನ್ನಾಗಿ ಬೇಯುತ್ತದೆ. ಕಳೆದ ತಿಂಗಳು ನಮ್ಮ ಮಹಿಳಾ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ಬಂತು. ಫ್ಲೋರೈಡ್ ನೀರು ಕುಡಿದ ಮಕ್ಕಳ ಬುದ್ಧಿಮಟ್ಟ ಕುಸಿಯುತ್ತದೆ ಎಂದು ಅಮೆರಿಕದ ಸಂಶೋಧನೆ ಸಾಬೀತುಪಡಿಸಿದೆಯಂತೆ. ಈ ವರ್ಷ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿರುವ ಮಗಳಿಗೆ ಗಣಿತದಲ್ಲಿ ಅಂಕ ಇಳಿದಿದೆ. ಅದನ್ನು ಓದಿದಾಗಿನಿಂದ ನನಗೆ ನಿದ್ದೆ ಇಲ್ಲ. ಅತ್ತೆಯವರ ಮಂಡಿನೋವೂ ನೀರಿನಿಂದಲೇ ಎನ್ನುತ್ತಾರೆ. ಪಕ್ಕದ ಮನೆಯವರು ಕುದಿಸಿ ಕುಡಿಯಿರಿ ಎಂದರು. ಫಿಲ್ಟರ್ ಮಾರುವವನು ನೀರಿಗೆ ಮೀಟರ್ ಅದ್ದಿ ಹೆದರಿಸಿ ಹೋದ. ಫ್ಲೋರೈಡ್ ಇರುವ ಪೇಸ್ಟನ್ನು ಎಸೆದುಬಿಟ್ಟೆ. ಹತ್ತು ತಿಂಗಳ ಮಗನಿದ್ದಾನೆ, ಅವನಿಗೆ ಸದ್ಯ ಏನೂ ತೊಂದರೆ ಇಲ್ಲ. ಯಾರ ಮಾತನ್ನು ನಂಬಲಿ?”

ನಿಮ್ಮ ಪತ್ರದಲ್ಲಿ ಮಗಳಿಗೆ ಎರಡು ಪುಟ, ಮಗನಿಗೆ ಒಂದೇ ಸಾಲು. ನನ್ನ ಕಣ್ಣು ನಿಂತದ್ದು ಆ ಒಂದು ಸಾಲಿನ ಮೇಲೆ. ಅಲ್ಲಿಗೆ ಕೊನೆಯಲ್ಲಿ ಬರುತ್ತೇನೆ.

ಹಲ್ಲು, ಬುದ್ಧಿ, ಮಂಡಿ ಈ ಮೂರೂ ನಿಮ್ಮ ಪತ್ರದಲ್ಲಿ ಒಂದೇ ಗಂಟಾಗಿವೆ. ಮೂರಕ್ಕೂ ಆರೋಪಿ ಒಬ್ಬನೇ ಇರಬಹುದು, ಆದರೆ ಸಾಕ್ಷ್ಯದ ತೂಕ ಒಂದೇ ಅಲ್ಲ. ಹಲ್ಲಿನ ವಿಷಯದಲ್ಲಿ ಅನುಮಾನಕ್ಕೆ ಹೆಚ್ಚು ಎಡೆಯಿಲ್ಲ. ಮಂಡಿಯದು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಬುದ್ಧಿಯ ವಿಚಾರ ವಿಜ್ಞಾನಿಗಳ ನಡುವೆ ಇನ್ನೂ ವಾದದಲ್ಲಿದೆ, ಮತ್ತು ಆ ವಾದ ನಿಮಗೆ ಬಂದ ಸಂದೇಶದಲ್ಲಿರುವಂತೆ ಇಲ್ಲ.

ಮೊದಲು ಹಲ್ಲು. ದಾವಣಗೆರೆಯಲ್ಲಿ ಕುಳಿತು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಸುತ್ತಲಿನ ಹಳ್ಳಿಗಳ ಮಕ್ಕಳ ಬಾಯಿ ನೋಡುತ್ತಿರುವ ದಂತವೈದ್ಯ ನಾನು. “ಹಾಲುಹಲ್ಲು ಚೆನ್ನಾಗಿದ್ದವು, ಹುಟ್ಟಿದ ಹಲ್ಲೇ ಕೆಟ್ಟವು” ಎಂಬ ಮಾತನ್ನು ಕೇಳದ ಶಿಬಿರವಿಲ್ಲ. ಆ ಮಾತೇ ಅರ್ಧ ರೋಗನಿರ್ಣಯ. ಹಾಲುಹಲ್ಲಿನ ಕವಚ ಬಹುಮಟ್ಟಿಗೆ ಗರ್ಭದಲ್ಲಿ ಮತ್ತು ಮೊದಲ ವರ್ಷದೊಳಗೆ ಸಿದ್ಧವಾಗಿರುತ್ತದೆ. ಶಾಶ್ವತ ಹಲ್ಲಿನ ಕವಚ ದವಡೆಯ ಮೂಳೆಯೊಳಗೆ ಹುಟ್ಟಿದ ಕೆಲವು ತಿಂಗಳಿಂದ ಸುಮಾರು ಎಂಟು ವರ್ಷದವರೆಗೆ ನಿಧಾನವಾಗಿ ಕಟ್ಟಿಕೊಳ್ಳುತ್ತದೆ. ಆ ಅವಧಿಯಲ್ಲಿ ದೇಹಕ್ಕೆ ಹೆಚ್ಚು ಫ್ಲೋರೈಡ್ ಹೋದರೆ ಕವಚದ ಖನಿಜ ಒತ್ತಾಗಿ ಕೂರದೆ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಹಲ್ಲು ಮೂಡಿದಾಗ ಅದು ಬಿಳಿ ಗೀಟಿನಂತೆ ಕಾಣುತ್ತದೆ. ಕಂದು ಬಣ್ಣ ಆಮೇಲೆ ತಿಂದ ಕುಡಿದ ಪದಾರ್ಥಗಳದ್ದು, ರಂಧ್ರದೊಳಗೆ ಇಳಿದು ಕೂತದ್ದು. ಮಗಳು ಸರಿಯಾಗಿ ಉಜ್ಜಲಿಲ್ಲ ಎಂದು ಗದರಿಸಿದ್ದರೆ ಇನ್ನು ಗದರಿಸಬೇಡಿ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಹಾಕಿ ತಿಕ್ಕಿಸಿದ್ದರೆ ಅದನ್ನೂ ಇಂದೇ ನಿಲ್ಲಿಸಿ. ಕಲೆ ಹೋಗುವುದಿಲ್ಲ, ಕವಚ ಸವೆಯುತ್ತದೆ.

ಅಂದರೆ ಇಂದು ಕಾಣುವ ಕಲೆ ಆರೇಳು ವರ್ಷಗಳ ಹಿಂದೆ ಅವಳು ಕುಡಿದ ನೀರಿನ ಲೆಕ್ಕ. ಹಲ್ಲು ಹಳೆಯ ಖಾತೆ ಪುಸ್ತಕವಿದ್ದ ಹಾಗೆ, ಆಗ ಬರೆದದ್ದನ್ನು ಈಗ ತೋರಿಸುತ್ತಿದೆ. ಇವತ್ತು ನೀರು ಬದಲಿಸಿದರೆ ಮೂಡಿರುವ ಹಲ್ಲಿನ ಕಲೆ ಅಳಿಯುವುದಿಲ್ಲ, ನೀರು ಬದಲಿಸದಿದ್ದರೂ ಆ ಹಲ್ಲು ಒಳಗಿನಿಂದ ಇನ್ನಷ್ಟು ಕೆಡುವುದಿಲ್ಲ.

ನೀರಿಗೂ ಕಲೆಗೂ ಇರುವ ನಂಟು ಮೊದಲು ಪತ್ತೆಯಾದದ್ದು ದೂರದ ಊರಿನಲ್ಲಿ. 1901ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿನವರ ಕಂದು ಹಲ್ಲು ನೋಡಿ ಬೆರಗಾದ. ಕಾರಣ ಫ್ಲೋರೈಡ್ ಎಂದು ರಸಾಯನ ವಿಜ್ಞಾನಿ ಚರ್ಚಿಲ್ ತೋರಿಸಿಕೊಡಲು 1931 ಆಗಬೇಕಾಯಿತು. ಆರೇ ವರ್ಷದಲ್ಲಿ, 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ನಮ್ಮ ದೇಶದ ಮೊದಲ ವರದಿ ಬಂತು. ನಮ್ಮ ಜಿಲ್ಲೆಯ ಲೆಕ್ಕವೂ ಇದೆ. ದಾವಣಗೆರೆಯ ಗ್ರಾಮೀಣ ಭಾಗದ ಶಾಲಾ ಮಕ್ಕಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೀರಿನಲ್ಲಿ ಲೀಟರಿಗೆ 0.22 ಮಿಲಿಗ್ರಾಂ ಫ್ಲೋರೈಡ್ ಇದ್ದಲ್ಲಿ ಶೇ 13ರಷ್ಟು ಮಕ್ಕಳಲ್ಲಿ ಕಲೆ ಕಂಡಿತ್ತು. 3.41 ಮಿಲಿಗ್ರಾಂ ಇದ್ದಲ್ಲಿ ಕಲೆಯಿಲ್ಲದ ಮಗುವೇ ಇರಲಿಲ್ಲ. ಸಂಖ್ಯೆ ಏರಿದಂತೆ ಕಲೆ ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ನಮ್ಮ ದೇಶದ ಮಾನದಂಡದಲ್ಲಿ ಅಪೇಕ್ಷಿತ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಸಿಗದ ಕಡೆ 1.5ರವರೆಗೆ ಒಪ್ಪಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ 1.5.

ಈಗ ನಿಮ್ಮ “ಸಿಹಿ ನೀರು”. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಸ್ವಾರಸ್ಯವೆನಿಸಿದ್ದು ಬೇಳೆ ಚೆನ್ನಾಗಿ ಬೇಯುತ್ತದೆ ಎಂಬ ಮಾತು. ಬೇಳೆ ಬೇಯದ ಗಡಸು ನೀರಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹೆಚ್ಚು. ಕ್ಯಾಲ್ಸಿಯಂ ಇದ್ದಲ್ಲಿ ಫ್ಲೋರೈಡ್ ಅದಕ್ಕೆ ಅಂಟಿಕೊಂಡು ಕಲ್ಲಾಗಿ ಕೂರುತ್ತದೆ, ನೀರಿನಲ್ಲಿ ಹೆಚ್ಚು ಉಳಿಯುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಬೈಕಾರ್ಬನೇಟ್, ಅಂದರೆ ಅಡುಗೆ ಸೋಡಾದ ಗುಣ, ಹೆಚ್ಚಿರುವ ನೀರಿನಲ್ಲಿ ಬೇಳೆ ಬೆಣ್ಣೆಯಂತೆ ಬೇಯುತ್ತದೆ, ಫ್ಲೋರೈಡ್ ಕೂಡ ಸಲೀಸಾಗಿ ಕರಗಿ ನಿಲ್ಲುತ್ತದೆ. ಹಾಗೆಂದು ಬೇಳೆ ಬೇಯುವ ನೀರೆಲ್ಲ ಕೆಟ್ಟದ್ದಲ್ಲ. ನಾಲಿಗೆಯನ್ನೂ ಪಾತ್ರೆಯನ್ನೂ ನಂಬಿ ಫ್ಲೋರೈಡ್ ಅಳೆಯಲಾಗದು ಎಂಬುದಷ್ಟೇ ಮಾತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ.

ಈ ಫ್ಲೋರೈಡ್ ಯಾವ ಕಾರ್ಖಾನೆಯಿಂದಲೂ ಬಂದದ್ದಲ್ಲ. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ನೆಲದಡಿ ಇರುವ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಅಭ್ರಕದಂಥ ಖನಿಜಗಳೊಳಗೆ ಅದು ಕೂತಿದೆ. ನೀರು ಆ ಬಂಡೆಯ ಬಿರುಕಿನಲ್ಲಿ ಎಷ್ಟು ಹೆಚ್ಚು ಕಾಲ ನಿಂತಿರುತ್ತದೋ ಅಷ್ಟು ಹೀರಿಕೊಳ್ಳುತ್ತದೆ. ಅಜ್ಜಂದಿರ ಕಾಲದ ಸೇದುವ ಬಾವಿಯಲ್ಲಿ ಬರುತ್ತಿದ್ದುದು ಹೆಚ್ಚಾಗಿ ಇತ್ತೀಚಿನ ಮಳೆಯ ನೀರು. ಮಳೆ ಕಡಿಮೆ, ಬೋರು ಆಳ ಎಂದಾದಾಗ ನಾವು ಮೇಲೆತ್ತುವುದು ಬಂಡೆಯೊಳಗೆ ಬಹುಕಾಲ ನೆನೆದ ನೀರು. ಒಂದೇ ಊರಿನ ಎರಡು ಬೋರುಗಳ ಫ್ಲೋರೈಡ್ ಬೇರೆ ಬೇರೆ ಇರುವುದೂ ಇದರಿಂದಲೇ. ಪಕ್ಕದ ಹೊಲದವರ ಫಲಿತಾಂಶ ನಿಮ್ಮದಲ್ಲ.

ಇನ್ನು ನಿಮ್ಮ ನಿದ್ದೆಗೆಡಿಸಿದ ಸಂದೇಶ. ಅದರಲ್ಲಿ ಸುಳ್ಳು ಪೂರ್ತಿ ಇಲ್ಲ, ಅದಕ್ಕೇ ಅದು ಹೆಚ್ಚು ತೊಂದರೆ ಕೊಡುತ್ತದೆ.

ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ 2024ರ ಆಗಸ್ಟ್‌ನಲ್ಲಿ ಒಂದು ವರದಿ ಪ್ರಕಟಿಸಿತು. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರಿಗೂ ಮಕ್ಕಳ ಬುದ್ಧಿಮಟ್ಟ ಕಡಿಮೆ ಇರುವುದಕ್ಕೂ ಸಂಬಂಧ ಕಾಣುತ್ತದೆ, ಈ ತೀರ್ಮಾನದ ಮೇಲೆ ತಮಗೆ ಮಧ್ಯಮ ಮಟ್ಟದ ವಿಶ್ವಾಸವಿದೆ ಎಂದು ಅದು ಹೇಳಿತು. “ಸಾಬೀತು” ಎಂದಿಲ್ಲ. ಮುಂದಿನ ಜನವರಿಯಲ್ಲಿ ಅದೇ ತಂಡದವರ ಲೆಕ್ಕಾಚಾರ ಮಕ್ಕಳ ವೈದ್ಯಕೀಯದ ಹೆಸರಾಂತ ಪತ್ರಿಕೆಯೊಂದರಲ್ಲಿ ಬಂತು. 74 ಅಧ್ಯಯನಗಳನ್ನು ಅವರು ಕೂಡಿಸಿದ್ದರು. ಮೂತ್ರದಲ್ಲಿನ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಏರಿದರೆ ಬುದ್ಧಿಮಟ್ಟದ ಅಂಕ ಸರಾಸರಿ 1.63ರಷ್ಟು ಇಳಿಯುತ್ತದೆ, ಹೆಚ್ಚು ಎಚ್ಚರಿಕೆಯಿಂದ ಮಾಡಿದ ಅಧ್ಯಯನಗಳನ್ನಷ್ಟೇ ತೆಗೆದುಕೊಂಡರೆ ಇಳಿಕೆ 1.14 ಎಂದು ಬಂತು. 74ರಲ್ಲಿ 52ನ್ನು ದೋಷದ ಸಾಧ್ಯತೆ ಹೆಚ್ಚಿರುವ ಅಧ್ಯಯನಗಳೆಂದು ಅವರೇ ಗುರುತಿಸಿದ್ದರು. ಬಹುಪಾಲು ಚೀನಾದ ಹಳ್ಳಿಗಳವು, ಕೆಲವು ನಮ್ಮ ದೇಶದವು, ಅಮೆರಿಕದ ಮಕ್ಕಳದ್ದು ಒಂದೂ ಇಲ್ಲ. ನೀರಿನ ಫ್ಲೋರೈಡ್ 1.5ಕ್ಕಿಂತ ಕಡಿಮೆ ಇದ್ದಾಗ ಇಂಥ ಸಂಬಂಧ ಖಚಿತವಾಗಿ ಕಾಣಲಿಲ್ಲ.

ಆ ದೇಶದಲ್ಲಿ ಇದಕ್ಕೆ ಇಷ್ಟು ಗದ್ದಲವೇಕೆಂದರೆ, ಅಲ್ಲಿನ ಅನೇಕ ನಗರಗಳಲ್ಲಿ ಹುಳುಕು ಹಲ್ಲು ತಡೆಯಲೆಂದು ನೀರಿಗೆ ಲೀಟರಿಗೆ 0.7 ಮಿಲಿಗ್ರಾಂ ಆಗುವಂತೆ ಫ್ಲೋರೈಡನ್ನು ಬೇಕೆಂದೇ ಬೆರೆಸುತ್ತಾರೆ. ಬೆರೆಸಬೇಕೇ ಬೇಡವೇ ಎಂಬುದು ಅವರ ಜಗಳ. ಯೂಟಾ ರಾಜ್ಯ 2025ರಲ್ಲಿ ನಿಲ್ಲಿಸಿಯೂಬಿಟ್ಟಿತು. “ಸರ್ಕಾರ ನೀರಿಗೆ ವಿಷ ಹಾಕುತ್ತಿದೆ” ಎಂಬ ಅವರ ಘೋಷಣೆ ಹೇಗೋ ಅನುವಾದವಾಗಿ ಜಗಳೂರಿನ ಮಹಿಳಾ ಸಂಘದ ಗುಂಪಿಗೆ ಬಂದಿದೆ. ನಮ್ಮಲ್ಲಿ ಯಾರೂ ಬೆರೆಸುತ್ತಿಲ್ಲ, ಬಂಡೆಯೇ ಕೊಡುತ್ತಿದೆ. ಅವರ ಜಗಳ 0.7ರದ್ದು, ನಮ್ಮ ಕಷ್ಟ 2, 3ರದ್ದು. ಒಂದರ ಉತ್ತರ ಇನ್ನೊಂದಕ್ಕೆ ಹೊಂದುವುದಿಲ್ಲ.

ನಮ್ಮ ಜಿಲ್ಲೆಯ ಮಕ್ಕಳನ್ನೇ ಕೂರಿಸಿ ಮಾಡಿದ ಒಂದು ಅಧ್ಯಯನವೂ ಇದೆ. ಅದನ್ನು ಯಾರೂ ಮೊಬೈಲಿನಲ್ಲಿ ಕಳಿಸುವುದಿಲ್ಲ. ದಾವಣಗೆರೆ ಜಿಲ್ಲೆಯ ಎರಡು ಹಳ್ಳಿಗಳ 12ರಿಂದ 14 ವರ್ಷದ 133 ಮಕ್ಕಳ ಬುದ್ಧಿಮಟ್ಟ ಅಳೆದ ಆ ವರದಿ 2011ರಲ್ಲಿ ಪ್ರಕಟವಾಯಿತು. ಒಂದು ಹಳ್ಳಿಯ ನೀರಿನಲ್ಲಿ 2.45, ಇನ್ನೊಂದರಲ್ಲಿ 0.29 ಮಿಲಿಗ್ರಾಂ. ಹೆಚ್ಚು ಫ್ಲೋರೈಡ್ ಇದ್ದ ಊರಿನ ಸರಾಸರಿ 86.3, ಕಡಿಮೆ ಇದ್ದ ಊರಿನದು 88.8. ಸಂಖ್ಯಾಶಾಸ್ತ್ರದ ಪ್ರಕಾರ ಇಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದಾದದ್ದು. ಫ್ಲೋರೈಡ್ ನಿರ್ದೋಷಿ ಎಂದು ಇದರಿಂದ ಹೇಳಲಾಗದು, 133 ಮಕ್ಕಳು ಅಂಥ ತೀರ್ಪಿಗೆ ಸಾಲರು. ಆದರೆ ಕಲೆ ಹಲ್ಲಿನ ಮಕ್ಕಳೆಲ್ಲ ದಡ್ಡರು ಎನ್ನುವವರಿಗೆ ಇದನ್ನು ತೋರಿಸಬಹುದು.

ಇಂಥ ಅಧ್ಯಯನಗಳನ್ನು ಓದುವಾಗ ನನ್ನನ್ನು ಕಾಡುವ ಇನ್ನೊಂದು ಸಂಗತಿ ಪ್ರಯೋಗಾಲಯದ್ದಲ್ಲ, ಊರಿನದು. ನಮ್ಮ ಭಾಗದಲ್ಲಿ ಫ್ಲೋರೈಡ್ ಕಡಿಮೆ ಇರುವ ಊರು ಹೆಚ್ಚಾಗಿ ಯಾವುದು? ಹೊಳೆ ಪಕ್ಕದ್ದು, ಭದ್ರಾ ನಾಲೆಯ ಕೆಳಗಿನದು. ಅಲ್ಲಿ ಭತ್ತವಿದೆ, ಅಡಿಕೆಯಿದೆ, ಕೈಯಲ್ಲಿ ಸ್ವಲ್ಪ ಹಣವಿದೆ, ಹತ್ತಿರದಲ್ಲಿ ಪ್ರೌಢಶಾಲೆಯಿದೆ. ಫ್ಲೋರೈಡ್ ಹೆಚ್ಚಿರುವ ಊರು ಮಳೆ ನಂಬಿದ ಮೆಕ್ಕೆಜೋಳದ ಊರು, ಬರ ಬಂದರೆ ತಂದೆತಾಯಿ ಗುಳೆ ಹೋಗುವ ಊರು. ಎರಡೂ ಊರಿನ ಮಕ್ಕಳನ್ನು ಪರೀಕ್ಷೆಗೆ ಕೂರಿಸಿ ಅಂಕದಲ್ಲಿ ಅಂತರ ಕಂಡರೆ ನಾವು ಅಳೆದದ್ದು ಫ್ಲೋರೈಡನ್ನೋ, ನಾಲೆಯನ್ನೋ? ಒಳ್ಳೆಯ ಅಧ್ಯಯನಗಳು ಪೋಷಕರ ಓದು, ಆದಾಯ, ಅಯೋಡಿನ್, ನೀರಿನಲ್ಲಿನ ಆರ್ಸೆನಿಕ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಈ ಗೊಂದಲ ಬಿಡಿಸಲು ಯತ್ನಿಸುತ್ತವೆ. ಅಂಥವುಗಳಲ್ಲೂ ಸಣ್ಣ ಇಳಿಕೆ ಉಳಿದಿದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. 2, 3 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ ಕೊಡಬಾರದು ಎನ್ನಲು ನನಗೆ ಅಷ್ಟು ಸಾಕು.

ಆದರೆ ಸರಾಸರಿಯಲ್ಲಿ ಒಂದೆರಡು ಅಂಕದ ಇಳಿಕೆ ಒಂದು ಮಗುವಿನಲ್ಲಿ ಕಣ್ಣಿಗೆ ಕಾಣುವಂಥದ್ದಲ್ಲ. ಒಂದೇ ಮಗುವನ್ನು ಬೇರೆ ಬೇರೆ ದಿನ ಪರೀಕ್ಷಿಸಿದರೂ ಅಂಕ ಅದಕ್ಕಿಂತ ಹೆಚ್ಚು ಏರುಪೇರಾಗುತ್ತದೆ. ಕಳೆದ ವರ್ಷ ಚೆನ್ನಾಗಿದ್ದ ಗಣಿತ ಈ ವರ್ಷ ಕುಸಿಯಲು ಹುಟ್ಟಿದಾಗಿನಿಂದ ಕುಡಿಯುತ್ತಿರುವ ನೀರು ಕಾರಣವಾಗುವುದು ಹೇಗೆ? ಕಾರಣವನ್ನು ನೀವೇ ಬರೆದು ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದೀರಿ. ಅವಳು ಈ ವರ್ಷ ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿದ್ದಾಳೆ. ಮಗ್ಗಿ ಗೊತ್ತಿದ್ದರೂ ಲೆಕ್ಕದ ವಾಕ್ಯ ಅರ್ಥವಾಗದಿರಬಹುದು. ಹೊಸ ಶಾಲೆಯಲ್ಲಿ ಹಲ್ಲು ನೋಡಿ ಯಾರಾದರೂ ನಕ್ಕಿದ್ದರೆ ಬಾಯಿ ತೆರೆದು ಅನುಮಾನ ಕೇಳುವುದನ್ನೇ ಬಿಟ್ಟಿರಬಹುದು. ಶಿಬಿರಗಳಲ್ಲಿ ಹಿಂದಿನ ಬೆಂಚಿನಲ್ಲಿ ಅಂಗೈಯಿಂದ ಬಾಯಿ ಮುಚ್ಚಿ ನಗುವ ಹುಡುಗಿಯರನ್ನು ಬೇಕಾದಷ್ಟು ನೋಡಿದ್ದೇನೆ. ಮೊದಲು ಅವಳ ಕಣ್ಣು ಪರೀಕ್ಷೆ ಮಾಡಿಸಿ, ರಕ್ತಹೀನತೆ ಇದೆಯೇ ನೋಡಿಸಿ, ಶಿಕ್ಷಕರ ಬಳಿ ಮಾತನಾಡಿ. ನೀರಿನ ಮೇಲೆ ಹಾಕಿ ಕೈತೊಳೆದುಕೊಂಡರೆ ಇವೆಲ್ಲ ಉಳಿದುಹೋಗುತ್ತವೆ.

ಅತ್ತೆಯವರ ಮಂಡಿಯ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಅದು ನನ್ನ ಕ್ಷೇತ್ರವಲ್ಲ. ಅರವತ್ತರ ಆಚೆಈಚೆಯ ಮಂಡಿನೋವು ಬಹಳ ಸಲ ಸವೆತದ್ದು. ಮೂಳೆಯ ಫ್ಲೋರೋಸಿಸ್, ಅಂದರೆ ಫ್ಲೋರೈಡ್‌ನಿಂದ ಮೂಳೆಗೆ ಬರುವ ಕಾಯಿಲೆ, ಆಗಲು ಹೆಚ್ಚು ಫ್ಲೋರೈಡ್ ಅನೇಕ ವರ್ಷ ಮೈಗೆ ಸೇರಬೇಕು, ಅದು ಕತ್ತು ಮತ್ತು ಬೆನ್ನಿನ ಪೆಡಸನ್ನೂ ತರುತ್ತದೆ. ಆರೋಗ್ಯ ಕಾರ್ಯಕರ್ತರು ಮಾಡಿಸುವ ಮೂರು ಸರಳ ಪರೀಕ್ಷೆಗಳಿವೆ. ಮಂಡಿ ಮಡಿಸದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತಲು ಆಗುತ್ತದೆಯೇ, ಗಲ್ಲ ಎದೆಗೆ ತಾಗುತ್ತದೆಯೇ, ಎರಡೂ ಕೈ ಎತ್ತಿ ತಲೆಯ ಹಿಂದೆ ಜೋಡಿಸಲು ಆಗುತ್ತದೆಯೇ? ಮೂರೂ ಕಷ್ಟವಾದರೆ ಮೂಳೆ ವೈದ್ಯರಿಗೆ ನೀರಿನ ವಿಷಯವನ್ನೂ ತಿಳಿಸಿ. ಮುಂಗೈಯ ಎಕ್ಸ್-ರೇ ಮತ್ತು ಮೂತ್ರದ ಫ್ಲೋರೈಡ್ ಪರೀಕ್ಷೆಯಿಂದ ಅವರಿಗೆ ತಿಳಿಯುತ್ತದೆ. ವಯಸ್ಸಾದವರಿಗೆ ಬಗ್ಗಿಸುವಾಗ ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಇಷ್ಟೆಲ್ಲ ಬರೆದರೂ ನಮ್ಮಿಬ್ಬರಿಗೂ ಗೊತ್ತಿಲ್ಲದ ಒಂದು ಸಂಖ್ಯೆ ಇದೆ, ಅದು ನಿಮ್ಮ ಬೋರಿನದು. ಬೇರೆ ಏನನ್ನೂ ಕೊಳ್ಳುವ ಮೊದಲು ಅದನ್ನು ತಿಳಿದುಕೊಳ್ಳಿ. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷಿಸುವ ಕಿಟ್ ಇದೆಯೇ ಕೇಳಿ. ಅದರ ಬಣ್ಣ ನೋಡಿ ಅಂದಾಜು ಸಿಗುತ್ತದೆ. ಖಚಿತ ಸಂಖ್ಯೆಗೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಿ. ಮೋಟಾರ್ ಹಾಕಿ ಐದಾರು ನಿಮಿಷ ನೀರು ಬಿಟ್ಟ ಮೇಲೆ ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿಯಿರಿ. ಗಾಜಿನದು ಬೇಡ, ಗಾಜಿಗೂ ಫ್ಲೋರೈಡ್‌ಗೂ ಆಗಿಬರುವುದಿಲ್ಲ. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ನೋಡಿಸಿದರೆ ಒಳ್ಳೆಯದು.

ಫಿಲ್ಟರ್ ಮಾರುವವನ ಮೀಟರ್ ಅಳೆಯುವುದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಮೊತ್ತವನ್ನು. ಅದರಲ್ಲಿ 600 ಎಂದು ತೋರಿಸಿದರೆ ಫ್ಲೋರೈಡ್ ಅರ್ಧ ಮಿಲಿಗ್ರಾಂ ಇರಬಹುದು, ಮೂರೂ ಇರಬಹುದು. ಸಂತೆಯಲ್ಲಿ ಚೀಲ ತೂಗಿ ಒಳಗೆ ಮೆಣಸಿನಕಾಯಿ ಎಷ್ಟಿದೆ ಎಂದು ಹೇಳಿದಂತೆ. ಕುದಿಸುವ ಸಲಹೆ ಕ್ರಿಮಿಗಳಿಗೆ ಸರಿ, ಫ್ಲೋರೈಡ್‌ಗೆ ತಿರುಗುಮುರುಗು. ಲೀಟರಿಗೆ 2 ಮಿಲಿಗ್ರಾಂ ಇರುವ ಐದು ಲೀಟರ್ ನೀರು ಕುದಿದು ನಾಲ್ಕು ಲೀಟರ್ ಆದರೆ ಅದು 2.5 ಆಗಿರುತ್ತದೆ. ಮಾಮೂಲಿ ಕ್ಯಾಂಡಲ್ ಫಿಲ್ಟರ್, ನೇರಳಾತೀತ ಬೆಳಕಿನ ಫಿಲ್ಟರ್, ಬಟ್ಟೆಯ ಸೋಸಣೆ ಯಾವುದೂ ಇದನ್ನು ತೆಗೆಯುವುದಿಲ್ಲ. ಪಟಕ ತೆಗೆಯುತ್ತದೆ ಎಂಬ ಮಾತಿಗೆ ಒಂದು ಮೂಲವಿದೆ. ನಾಗಪುರದ ‘ನೀರಿ’ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ ನಲಗೊಂಡ ವಿಧಾನದಲ್ಲಿ ಪಟಕ, ಸುಣ್ಣ, ಬ್ಲೀಚಿಂಗ್ ಪುಡಿ ಬಳಸುತ್ತಾರೆ. ಆದರೆ ಅದಕ್ಕೆ ಬೇಕಾಗುವ ಪಟಕ ಬಹಳ, ಲೆಕ್ಕ ತಪ್ಪಿದರೆ ಅಲ್ಯುಮಿನಿಯಂ ನೀರಿನಲ್ಲೇ ಉಳಿಯುತ್ತದೆ. ಕೊಡದಲ್ಲಿ ಪಟಕದ ತುಂಡು ತಿರುಗಿಸಿದರೆ ಕೆಸರು ಕೂರುತ್ತದೆ, ಅಷ್ಟೇ.

ಸಂಖ್ಯೆ 1ಕ್ಕಿಂತ ಕಡಿಮೆ ಬಂದರೆ ಸದ್ಯ ಆ ನೀರನ್ನೇ ಬಳಸಬಹುದು. 1.5 ದಾಟಿದರೆ ಕುಡಿಯುವ ಮತ್ತು ಅಡುಗೆಯ ನೀರನ್ನು ಬದಲಿಸಲೇಬೇಕು. ನಡುವೆ ಇದ್ದರೆ ದೊಡ್ಡವರು ಕಾಯಬಹುದು, ಎಳೆಯ ಮಕ್ಕಳಿಗೂ ಗರ್ಭಿಣಿಯರಿಗೂ ಬದಲಿಸಿ. ಅಡುಗೆಯನ್ನು ಒತ್ತಿ ಹೇಳಲು ಕಾರಣವಿದೆ. ಅನೇಕ ಮನೆಗಳಲ್ಲಿ ಕುಡಿಯಲು ಕ್ಯಾನ್ ನೀರು, ಅನ್ನ ಮುದ್ದೆಗೆ ಬೋರಿನ ನೀರು. ಅನ್ನ ಹೀರಿದ ನೀರಿನ ಫ್ಲೋರೈಡ್ ಅನ್ನದಲ್ಲೇ ಇರುತ್ತದೆ. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ, ದನದ ಕೊಟ್ಟಿಗೆ ತೊಳೆಯಲು ಬೋರಿನದೇ ಸಾಕು, ಚರ್ಮದ ಮೂಲಕ ಅದು ಲೆಕ್ಕಕ್ಕೆ ಬರುವಷ್ಟು ಒಳಗೆ ಹೋಗುವುದಿಲ್ಲ.

ಬದಲಿ ನೀರು ಎಲ್ಲಿಂದ? ನಿಮ್ಮ ಊರಿಗೆ ನದಿ ನೀರಿನ ನಲ್ಲಿ ಬಂದಿದ್ದರೆ ಅದೇ ಉತ್ತಮ, ನಾಲ್ಕು ದಿನಕ್ಕೊಮ್ಮೆ ಬಂದರೂ ಕುಡಿಯಲು ತುಂಬಿಟ್ಟುಕೊಳ್ಳಬಹುದು. ಪೈಪು ಒಡೆದ ದಿನಗಳಲ್ಲಿ ಅದೇ ನಲ್ಲಿಗೆ ಊರ ಬೋರಿನ ನೀರು ಬಿಡುತ್ತಾರೆಯೇ ಎಂದು ನೀರುಗಂಟಿಯನ್ನು ಕೇಳಿಡಿ. ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಎರಡನೆಯದು. ಅದರೊಳಗೆ ನೀರು ಸೋಸುವ ಪೊರೆ (ಆರ್‌ಒ) ಹೊಸದಿದ್ದಾಗ ಫ್ಲೋರೈಡಿನ ಬಹುಭಾಗ ಹೋಗುತ್ತದೆ. ಪೊರೆ ಹಳತಾದರೆ ಬರುವುದು ತಣ್ಣಗಿನ ಬೋರಿನ ನೀರು. ಹಾಗಾಗಿ ಘಟಕದ ನೀರನ್ನೂ ಒಂದು ಬಾಟಲಿ ಪರೀಕ್ಷೆಗೆ ಕೊಡಿ, ಅದನ್ನು ಕೇಳುವ ಹಕ್ಕು ನಿಮಗಿದೆ. ಮನೆಯಲ್ಲೇ ಅಂಥ ಯಂತ್ರ ಹಾಕಿಸಿದರೆ ಪೊರೆ ಬದಲಿಸುವ ಖರ್ಚು ಪ್ರತಿಸಲದ್ದು, ಹೊರಹೋಗುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗಿರುತ್ತದೆ. ಅದನ್ನು ದನಕ್ಕೆ ಕುಡಿಸಬೇಡಿ, ದನಗಳಿಗೂ ಫ್ಲೋರೋಸಿಸ್ ಬರುತ್ತದೆ. ಈ ಯಂತ್ರ ಕ್ಯಾಲ್ಸಿಯಂ ಅನ್ನೂ ತೆಗೆದುಬಿಡುವುದರಿಂದ ಊಟದಲ್ಲಿ ಹಾಲು, ಮಜ್ಜಿಗೆ, ರಾಗಿ ಇರಬೇಕು. ಫ್ಲೋರೈಡ್ ಹಿಡಿದಿಡುವ ಸಕ್ರಿಯ ಅಲ್ಯುಮಿನಾ ಎಂಬ ಹರಳು ತುಂಬಿದ ಫಿಲ್ಟರ್ ಅಗ್ಗ, ಆದರೆ ಆ ಹರಳು ಫ್ಲೋರೈಡ್ ತುಂಬಿಕೊಂಡ ಮೇಲೆ ತೊಳೆದು ಮರುಜೀವ ಕೊಡುವವರು ಹತ್ತಿರದಲ್ಲಿಲ್ಲದಿದ್ದರೆ ನಾನು ಅದನ್ನು ಸೂಚಿಸುವುದಿಲ್ಲ.

ನನಗೆ ಒಲವಿರುವುದು ಮಳೆ ನೀರಿನ ಮೇಲೆ. ಚಿತ್ರದುರ್ಗದ ಕೋಟೆಗೆ ಮಕ್ಕಳನ್ನು ಕರೆದೊಯ್ದರೆ ಒಬವ್ವನ ಕಿಂಡಿಯ ಜೊತೆ ಹೊಂಡಗಳನ್ನೂ ತೋರಿಸಿ. ಆ ಬಂಡೆಗಳ ನಡುವೆ ಅಷ್ಟು ಜನ ಬದುಕಿದ್ದು ಬಂಡೆಯ ಮೇಲೆ ಬಿದ್ದ ಮಳೆಯನ್ನು ಹಿಡಿದು, ಬಂಡೆಯ ಒಳಗಿನದನ್ನು ಎತ್ತಿ ಅಲ್ಲ. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಲೆಕ್ಕ ಹಾಕಿ ನೋಡಿ. ಸಾವಿರ ಚದರ ಅಡಿಯ ತಾರಸಿ, ವರ್ಷಕ್ಕೆ 500 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ, ಪೋಲಾದದ್ದು ಕಳೆದೂ 35 ಸಾವಿರ ಲೀಟರ್‌ಗಿಂತ ಹೆಚ್ಚು ಸಿಗುತ್ತದೆ. ಐದು ಜನರ ಕುಡಿಯುವ ಮತ್ತು ಅಡುಗೆಯ ನೀರು ದಿನಕ್ಕೆ 25 ಲೀಟರ್ ಎಂದರೆ ವರ್ಷಕ್ಕೆ ಸುಮಾರು 9 ಸಾವಿರ ಲೀಟರ್. ಅಷ್ಟು ಹಿಡಿಯುವ ಮುಚ್ಚಿದ ತೊಟ್ಟಿ ಕಟ್ಟಿಸುವುದು ಮೊದಲಿಗೆ ದುಬಾರಿ ನಿಜ. ಮೊದಲ ಮಳೆಯ ನೀರು ಹೊರಗೆ ಬಿಡಬೇಕು, ತಾರಸಿ ಗುಡಿಸಬೇಕು, ಸೊಳ್ಳೆ ಹೋಗದಂತೆ ಜಾಲರಿ ಹಾಕಬೇಕು, ಈ ನೀರನ್ನು ಮಾತ್ರ ಕುದಿಸಿ ಕುಡಿಯಬೇಕು.

ಪೇಸ್ಟ್ ಎಸೆದದ್ದು ಆತುರವಾಯಿತು. ಸಾವಿರ ಪಿಪಿಎಂ ಎಂದು ಬರೆದಿರುವ ಪೇಸ್ಟಿನ ಬಟಾಣಿ ಗಾತ್ರದಲ್ಲಿ ಸುಮಾರು ಕಾಲು ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ, ಮಗಳು ಅದನ್ನು ಉಗುಳುತ್ತಾಳೆ. 2 ಮಿಲಿಗ್ರಾಂ ಇರುವ ನೀರನ್ನು ಒಂದು ಲೀಟರ್ ಕುಡಿದರೆ ಅದರ ಎಂಟು ಪಟ್ಟು ಹೊಟ್ಟೆಗೆ ಹೋಗುತ್ತದೆ. ಹುಳುಕು ತಡೆಯಲು ಅವಳು ಪೇಸ್ಟ್ ಬಳಸಲಿ. ಮಗನಿಗೆ ಮಾತ್ರ, ನೀರಿನ ಸಂಖ್ಯೆ ಹೆಚ್ಚಿರುವ ಮನೆಯಲ್ಲಿ, ಉಗುಳಲು ಕಲಿಯುವವರೆಗೆ ಒದ್ದೆ ಬಟ್ಟೆ ಅಥವಾ ಬರೀ ಬ್ರಷ್ ಸಾಕು ಎಂಬುದು ನನ್ನ ಅಭಿಪ್ರಾಯ.

ಹುಣಸೆಹಣ್ಣು ಫ್ಲೋರೈಡ್ ಹೊರಹಾಕುತ್ತದೆ ಎಂಬ ವಿಡಿಯೊ ನಿಮಗೆ ಇನ್ನೂ ಬಂದಿರದಿದ್ದರೆ ಸದ್ಯದಲ್ಲೇ ಬರುತ್ತದೆ. ಅದರ ಹಿಂದೆಯೂ ಒಂದು ನಿಜವಾದ ಸಂಶೋಧನೆ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹಾಸ್ಟೆಲಿನ ಸುಮಾರು ಇಪ್ಪತ್ತು ಹುಡುಗರಿಗೆ ದಿನಕ್ಕೆ 10 ಗ್ರಾಂ ಹುಣಸೆಯನ್ನು 18 ದಿನ ಊಟದಲ್ಲಿ ಕೊಟ್ಟಾಗ ಮೂತ್ರದಲ್ಲಿ ಹೋಗುವ ಫ್ಲೋರೈಡ್ ಹೆಚ್ಚಾಗಿತ್ತು. 2002ರಲ್ಲಿ ಪ್ರಕಟವಾದ ಒಳ್ಳೆಯ ಕೆಲಸ, ಆದರೆ ಚಿಕ್ಕದು. ಹುಳಿ ಸಾರು ಉಣ್ಣಿ, ಹುಣಸೆ ಪುಡಿಯ ಡಬ್ಬಿ ಮಾರಲು ಬಂದವರನ್ನು ಮುಂದಕ್ಕೆ ಕಳಿಸಿ.

ಮಗಳ ಕಲೆಗೆ ಚಿಕಿತ್ಸೆ ಇದೆ. ತೆಳುವಾದ ಕಲೆಯಾದರೆ ಮೇಲ್ಪದರವನ್ನು ಆಮ್ಲ ಬೆರೆಸಿದ ನಯವಾದ ಲೇಪದಿಂದ ತುಸುವೇ ಉಜ್ಜಿ ತೆಗೆಯಬಹುದು, ಆಮೇಲೆ ಬೇಕಿದ್ದರೆ ಬಿಳುಪು ಮಾಡಿಸಬಹುದು. ಆಳದ ಕಂದು ಕಲೆಯ ಮೇಲೆ ಹಲ್ಲಿನ ಬಣ್ಣದ ಲೇಪ ಕೂರಿಸುತ್ತಾರೆ, ಅದು ಕೆಲವು ವರ್ಷಕ್ಕೊಮ್ಮೆ ಸರಿಪಡಿಸಬೇಕಾದದ್ದು. ಹಲ್ಲು ಅರೆದು ಟೋಪಿ ಹಾಕುತ್ತೇವೆ ಎಂದು ಯಾರಾದರೂ ಒಂಬತ್ತು ವರ್ಷಕ್ಕೇ ಹೇಳಿದರೆ ಒಪ್ಪಬೇಡಿ. ಈ ವಯಸ್ಸಿನಲ್ಲಿ ಹಲ್ಲಿನೊಳಗಿನ ನರದ ಕೋಣೆ ದೊಡ್ಡದಿರುತ್ತದೆ. ಅವಳು ಬಾಯಿ ಮುಚ್ಚಿ ನಗಲು ಶುರುಮಾಡಿದ್ದರೆ ಸಣ್ಣ ಚಿಕಿತ್ಸೆಯನ್ನು ಮುಂದೂಡುವುದೂ ಬೇಡ. ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯಲ್ಲಿ ಖರ್ಚು ಕಡಿಮೆ.

ಈಗ ಆ ಒಂದು ಸಾಲಿನ ಮಗ. ಮೇಲಿನ ಮುಂಬದಿಯ ಶಾಶ್ವತ ಹಲ್ಲಿನ ಕವಚಕ್ಕೆ ಅತಿ ಸೂಕ್ಷ್ಮವಾದ ಕಾಲ ಸುಮಾರು ಹದಿನೈದು ತಿಂಗಳಿಂದ ಮೂವತ್ತು ತಿಂಗಳವರೆಗಿನದು. ಇಷ್ಟು ದಿನ ಅವನನ್ನು ಕಾಪಾಡಿದ್ದು ನಿಮ್ಮ ಎದೆಹಾಲು. ತಾಯಿ ಎಂಥ ನೀರು ಕುಡಿದರೂ ಎದೆಹಾಲಿಗೆ ಇಳಿಯುವ ಫ್ಲೋರೈಡ್ ತೀರಾ ಅತ್ಯಲ್ಪ. ಈಗ ಅವನು ರಾಗಿ ಸರಿ, ಗಂಜಿ, ಬೇಳೆಕಟ್ಟು ತಿನ್ನಲು ಶುರುಮಾಡಿರುತ್ತಾನೆ, ಎಲ್ಲವೂ ಬೋರಿನ ನೀರಿನಲ್ಲಿ ಬೆಂದದ್ದು. ಅವನ ಹತ್ತು ಕಿಲೋ ಮೈತೂಕಕ್ಕೆ ಅದು ದೊಡ್ಡವರಿಗಿಂತ ಹೆಚ್ಚಿನ ಪಾಲು. ಎದೆಹಾಲು ಮುಂದುವರಿಸಿ. ನೀವು ಪತ್ರ ಬರೆದು ಅದು ನನ್ನ ಕೈಸೇರಿ ಉತ್ತರ ಅಚ್ಚಾಗುವಷ್ಟರಲ್ಲಿ ಅವನಿಗೆ ಹನ್ನೊಂದು ತುಂಬಿರುತ್ತದೆ. ಪ್ರಯೋಗಾಲಯದ ಚೀಟಿಗೆ ಕಾಯದೆ, ಅವನ ಸರಿ ಕಾಯಿಸುವ ನೀರನ್ನು ಇಂದು ಸಂಜೆಯಿಂದಲೇ ಬದಲಿಸಿ.